ಅನುಮೋದಕರು ಯಾರೂ ಇಲ್ಲ

ಪುಸ್ತಕದಲ್ಲಿ ಬದುಕಿರುವ ಯಾರದಾದರೂ ಪ್ರಸ್ತಾಪ ಬಂದರೆ, ಆ ಪುಟವನ್ನು ಅಚ್ಚಿಗೆ ಕಳಿಸುವ ಮೊದಲು ಅವರೆದುರು ಕೂತು ಓದಿ ಹೇಳುವುದು ನಾನು ಇಟ್ಟುಕೊಂಡಿರುವ ನಿಯಮ. ಓದಿ ಮುಗಿಸಿ ಪುಟದ ಅಂಚಿನಲ್ಲಿ ಅವರ ಸಹಿ ಪಡೆಯುತ್ತೇನೆ. ಅವರು ಏನಾದರೂ ಷರತ್ತು ಹಾಕಿದರೆ ಅದನ್ನೂ ಬರೆದುಕೊಂಡು ಪಾಲಿಸುತ್ತೇನೆ. ಬೈಲಹೊಂಗಲದಲ್ಲಿ ಹಸ್ತಪ್ರತಿ ತಿದ್ದಿ ಪುಟ ಕಟ್ಟಿಕೊಡುವ ಕೆಲಸ ಮಾಡುವವಳು ನಾನೊಬ್ಬಳೇ ಅಲ್ಲ. ಕೆಲವರು ಈ ನಿಯಮವನ್ನು ನೆಚ್ಚಿ ನನ್ನಲ್ಲಿಗೆ ಬರುತ್ತಾರೆ, ಕೆಲವರು ಇದಕ್ಕೇ ಬೇಸತ್ತು ಬಿಟ್ಟುಹೋಗುತ್ತಾರೆ. ಕಳೆದ ವರ್ಷದ ಎರಡು ತಿಂಗಳಲ್ಲಿ ನಾನು ಈ ನಿಯಮವನ್ನು ಒಮ್ಮೆಯೂ ಮುರಿಯಲಿಲ್ಲ. ಆಗ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ.

ಜೂನ್ ಮೊದಲ ವಾರ, ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಸವದತ್ತಿಯಿಂದ ಒಬ್ಬರು ಬಂದರು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಕೈಚೀಲದಲ್ಲಿ ಆರು ನೋಟುಬುಕ್ಕುಗಳಿದ್ದವು. ಅವು ಅವರ ತಂದೆ ಬರೆದ ನೆನಪುಗಳು. ತಂದೆಗೆ ಎಂಬತ್ತನಾಲ್ಕು ವರ್ಷ. ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿ, ಸಂಸ್ಕೃತ ಕಲಿತು, ಕೊನೆಗೆ ಶಾಲಾ ಶಿಕ್ಷಕರಾಗಿ ಕಿತ್ತೂರಿನಲ್ಲಿ ಬಹಳ ವರ್ಷ ಪಾಠ ಹೇಳಿದವರು. ಆ ಕಡೆ ‘ಮಾಸ್ತರರು’ ಎಂದರೆ ಅವರೇ. ಸ್ವಾತಂತ್ರ್ಯ ದಿನದಂದು ಅವರು ಮಾಡುವ ಭಾಷಣ ಕೇಳಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರಂತೆ.

“ಬಾಯಾರ, ಆಗಸ್ಟ್ ಹದಿನೈದಕ್ಕ ಪುಸ್ತಕ ಕೈಯಾಗ ಇರಬೇಕು,” ಎಂದರು ಮಗ. “ಅಪ್ಪಾರ ಶ್ವಾಸಕೋಶ ಪೂರ್ತಿ ಸೋತದ. ಡಾಕ್ಟರ್ ಭಾಳ ದಿನ ಹೇಳಿಲ್ಲ.”

ವಾರಕ್ಕೊಂದು ನೋಟುಬುಕ್ಕಿನಂತೆ ಟೈಪ್ ಮಾಡಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಗುರುವಾರ ಸವದತ್ತಿಗೆ ಒಯ್ದು ಓದಿ ಹೇಳುವುದೆಂದು ಮಾತಾಯಿತು. ಮಾಸ್ತರರು ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಮೂಗಿನಲ್ಲಿ ಸಣ್ಣ ಕೊಳವೆ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಷಿನ್ ಇತ್ತು. ಹಿಟ್ಟಿನ ಗಿರಣಿ ದೂರದಲ್ಲಿ ಓಡಿದಂತೆ ಅದರ ಸದ್ದು. ಹತ್ತು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ತಮಾಷೆ ಮಾತ್ರ ಬಿಟ್ಟಿರಲಿಲ್ಲ.

“ತಂಗಿ, ಪೂರ್ಣವಿರಾಮ ಜಾಸ್ತಿ ಹಾಕು,” ಎನ್ನುತ್ತಿದ್ದರು. “ಓದೋರ ಸಲುವಾಗಿ ಅಲ್ಲ. ನನಗ ಉಸಿರು ತಗೋಳ್ಳಿಕ್ಕೆ ಜಾಗಾ ಬೇಕು.”

ಮೂರು ನೋಟುಬುಕ್ಕು ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ರಾಮದುರ್ಗ ಬಂತು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮಾಸ್ತರರು ರಾಮದುರ್ಗದ ಶಾಲೆಯೊಂದಕ್ಕೆ ಶಿಕ್ಷಕರಾಗಿ ಹೋಗಿದ್ದರು. ಅಲ್ಲಿ ಕೆಂಪು ಬಾವುಟದ ಪಕ್ಷ ಸೇರಿದರು. ಕೈಮಗ್ಗದ ನೇಕಾರರ ಸಂಘಕ್ಕೆ ಕಾರ್ಯದರ್ಶಿಯಾದರು. ಅವರದೇ ವಯಸ್ಸಿನ ಒಬ್ಬ ನೇಕಾರ ಗೆಳೆಯನಾದ. ಅವನು ನೇಯುತ್ತಿದ್ದರೆ ಇವರು ಮಗ್ಗದ ಪಕ್ಕ ಕೂತು ಪತ್ರಿಕೆ ಓದಿ ಹೇಳುವರು. ಅವನಿಗೆ ಅಕ್ಷರ ಕಲಿಸಿದವರೂ ಇವರೇ. ಒಂದೇ ತಾಟಿನಲ್ಲಿ ರೊಟ್ಟಿ ತಿಂದ ಸುದ್ದಿ ಊರಿಗೆ ಮುಟ್ಟಿ, ತಂದೆ ಇವರಿಗೆ ಮನೆಯ ಬಾಗಿಲು ಮುಚ್ಚಿದ್ದರು.

ಆಮೇಲೆ ಚೀನಾ ಯುದ್ಧ ಬಂತು. ಪಕ್ಷದೊಳಗೇ ಎರಡು ಮಾತು. ಕಾರ್ಮಿಕರ ಸರಕಾರ ಇರುವ ದೇಶ ಇನ್ನೊಂದು ದೇಶದ ಮೇಲೆ ಏರಿ ಹೋಗುವುದು ಸಾಧ್ಯವೇ ಇಲ್ಲ ಎಂದು ಕೆಲವರು. ಮೊದಲು ದೇಶ, ಉಳಿದದ್ದು ಆಮೇಲೆ ಎಂದು ಕೆಲವರು. ಆ ದಿನಗಳಲ್ಲಿ ಒಂದು ಸಂಜೆ ಸಂಘದ ಸಭೆ ನಡೆಯಿತು. ಗೆಳೆಯ ಎದ್ದು ನಿಂತು ಮಾತಾಡಿದ. ಕಾರ್ಯದರ್ಶಿಯಾದ ಮಾಸ್ತರರು ಸಭೆಯ ನಡಾವಳಿ ದಾಖಲಿಸುವ ಠರಾವು ಪುಸ್ತಕದಲ್ಲಿ ಒಂದು ಸಾಲು ಬರೆದರು: ‘ಚೀನಾದ ಸೈನಿಕನ ಮೇಲೆ ತಮಗೆ ಸಿಟ್ಟಿಲ್ಲವೆಂದು ಶ್ರೀಯುತರು ಚರ್ಚೆಯಲ್ಲಿ ಹೇಳಿದರು.’

ನಾಲ್ಕನೆಯ ದಿನ ಪೊಲೀಸರು ಬಂದು ಠರಾವು ಪುಸ್ತಕ ಕೇಳಿದರು. ಮಾಸ್ತರರು ಕೊಟ್ಟರು. ಅದೇ ವಾರ ಗೆಳೆಯನನ್ನು ಹಿಡಿದು ಬೆಳಗಾವಿಯ ಜೈಲಿಗೆ ಒಯ್ದರು. ಅವನು ಹೊರಗೆ ಬರಲು ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ಮಾಸ್ತರರು ಪಕ್ಷ ಬಿಟ್ಟು, ಬದಲಿ ಮಾಡಿಸಿಕೊಂಡು ಕಿತ್ತೂರಿಗೆ ಹೋಗಿದ್ದರು. ಅಲ್ಲಿಂದ ಈಚೆಗೆ ಇಬ್ಬರೂ ಒಂದು ಮಾತಾಡಿಲ್ಲ. ಆ ಪುಟದ ಕೊನೆಯಲ್ಲಿ ಮಾಸ್ತರರು ಹೀಗೆ ಬರೆದಿದ್ದರು: ‘ನಾನು ಬರೆದ ಸಾಲಿನಲ್ಲಿ ಸುಳ್ಳಿರಲಿಲ್ಲ. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ತಪ್ಪನ್ನು ನಾನು ಬೇರೆ ಮಾಡಿಲ್ಲ.’

ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಹಾಕಿದೆ: ‘ಅವರು ನಿಜವಾಗಿ ಹೇಳಿದ್ದೇನು? ಪೂರ್ತಿ ಮಾತು ಬೇಕು.’ ಇಂಥ ಪ್ರಶ್ನೆಯನ್ನು ನಾನು ಪ್ರತಿ ಪುಸ್ತಕದಲ್ಲೂ ಹತ್ತಾರು ಕಡೆ ಹಾಕುತ್ತೇನೆ.

ಗುರುವಾರ ಅದನ್ನು ಮಾಸ್ತರರಿಗೆ ಓದಿ ಹೇಳಿದೆ.

“ನನಗ ನೆನಪಿಲ್ಲ ತಂಗಿ.”

“ಸ್ವಲ್ಪನಾದರೂ, ಸರ್?”

“ಅವ ನಿಂತದ್ದು ಕಾಣಸ್ತದ. ಹೆಗಲ ಮ್ಯಾಲಿನ ವಸ್ತ್ರ ಕಾಣಸ್ತದ. ಬಾಯಿ ಅಲ್ಲಾಡೋದು ಕಾಣಸ್ತದ. ಆದ್ರ ಕಿವಿಗೆ ಬರೋದು ನಾ ಬರದ ಸಾಲು ಒಂದ. ಭಾಳ ಮಾತಾಡಿದ್ದ ಅವ. ಅದನ್ನೆಲ್ಲಾ ನನ್ನ ಸಾಲು ತಿಂದುಬಿಟ್ಟದ.” ಸ್ವಲ್ಪ ದಣಿವಾರಿಸಿಕೊಂಡರು. “ಅವ ಬದುಕ್ಯಾನ. ಸುರೇಬಾನದಾಗ ಮಗಳ ಜೋಡಿ ಇದ್ದಾನಂತ. ಹೆಂಗೂ ನಿನ್ನ ನಿಯಮದ ಪ್ರಕಾರ ಈ ಪುಟ ಅವನ ಮುಂದ ಓದಬೇಕಲ್ಲ. ಹೋಗಿ ಕೇಳಿಕೊಂಡು ಬಾ. ಅವನ ಮಾತು ಪೂರ್ತಿ ಈ ಪುಸ್ತಕದಾಗ ಬರಬೇಕು. ಅದಕ್ಕೊಸ್ಕರ ಬರೀಲಿಕ್ಕೆ ಕೂತಾಂವ ನಾನು. ಉಳಿದ ಐದು ನೋಟುಬುಕ್ಕು ಬರೇ ನೆಪ.”

ನಾನು ಎದ್ದಾಗ ಕೈ ಹಿಡಿದು ನಿಲ್ಲಿಸಿದರು.

“ನನಗ ಹಿಂಗ ಆಗ್ಯದ ಅಂತ ಅವನ ಮುಂದ ಹೇಳಬ್ಯಾಡ. ಸಾಯೋರು ಏನ್ ಕೇಳಿದ್ರೂ ಎಲ್ಲಾರೂ ಹೂಂ ಅಂತಾರ. ಅಂಥಾ ಹೂಂ ನನಗ ಬ್ಯಾಡ. ಮಾತು ಕೊಡು.”

ಕೊಟ್ಟೆ. ಎಂದಿನಂತೆ ಅದನ್ನೂ ನನ್ನ ಡೈರಿಯಲ್ಲಿ ಬರೆದುಕೊಂಡೆ.

ಬೈಲಹೊಂಗಲದಿಂದ ಕಟಕೋಳ ದಾಟಿ ರಾಮದುರ್ಗ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸುರೇಬಾನ. ಇಳಿದು ಚಹಾದ ಅಂಗಡಿಯಲ್ಲಿ ಹೆಸರು ಹೇಳಿ ಮನೆ ಕೇಳಿದೆ. ಅಂಗಡಿಯವನಿಗೆ ಗೊತ್ತಾಗಲಿಲ್ಲ. ಮುಂಚೆ ನೇಯುತ್ತಿದ್ದರು, ಜೈಲಿಗೆ ಹೋಗಿ ಬಂದವರು ಎಂದೆ.

“ಹೋ, ಚೀನಾದವರ ಮನೀನಾ? ಮೊದಲ ಹಂಗ ಹೇಳಬಾರದೇನ್ರಿ!”

“ಚೀನಾದವರು ಅಂತ ಯಾಕ ಅಂತಾರ್ರಿ?”

“ಯಾರಿಗ ಗೊತ್ರಿ? ನಮ್ಮಪ್ಪನ ಕಾಲದಿಂದ ಹಂಗ ಅಂತಾರ. ನಮ್ಮನ್ನ ಮೆಣಸಿನಕಾಯವರು ಅನ್ನಾಂಗಿಲ್ಲೇನು, ಹಂಗ ಅದೂ ಒಂದು ಅಡ್ಡಹೆಸರು.”

ಈ ಭಾಗದಲ್ಲಿ ಮನೆತನಕ್ಕೆ ಅಡ್ಡಹೆಸರು ಬೀಳುವುದು ಹೊಸದಲ್ಲ. ಬಿದ್ದ ಮೇಲೆ ಕಾರಣ ಯಾರಿಗೂ ಬೇಕಾಗಿರುವುದಿಲ್ಲ.

ಮನೆ ಎರಡೇ ಕೋಣೆಯದು. ಮುಂದಿನ ಕೋಣೆಯಲ್ಲಿ ಕುಣಿಮಗ್ಗವಿತ್ತು. ಅದರ ಮೇಲೆ ಹಾಸಿನ ನೂಲು ಇರಲಿಲ್ಲ. ನೇಕಾರ ಅಜ್ಜ ಕುಣಿಯೊಳಗೆ ಕಾಲು ಇಳಿಬಿಟ್ಟು, ನೇಯಲು ಕೂತಂತೆಯೇ ಕೂತಿದ್ದರು. ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಮಗಳಿಗೆ ಐವತ್ತು ದಾಟಿದೆ. ಪವರ್‌ಲೂಮಿನವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಸಂಸಾರ ನಡೆಸುತ್ತಾರೆ.

ನಾನು ಯಾರೆಂದು ಹೇಳಿ ಪುಟ ಓದಿದೆ. ಅಜ್ಜ ಅಲುಗಾಡದೆ ಕೇಳಿದರು.

“ಇನ್ನೂ ಝಂಡಾ ಏರಸತಾನೇನು ಅವ?”

“ಈಗ ಬಿಟ್ಟಾರ್ರಿ ಅಜ್ಜಾರ.”

“ಯಾಕ, ಹಗ್ಗ ಹರೀತೇನು?”

“ಅಪ್ಪಾ!” ಎಂದರು ಮಗಳು. ಅವರಿಗೂ ನಗು ಬಂದಿತ್ತು.

“ಅವತ್ತು ನೀವು ಏನಂದಿದ್ರಿ ಅನ್ನೋದು ಮಾಸ್ತರಿಗೆ ನೆನಪಿಲ್ಲರಿ. ಪುಸ್ತಕದಾಗ ಅದು ಪೂರ್ತಿ ಬರಬೇಕು ಅಂತಾರ. ಅದಕ್ಕ ಬಂದೇನಿ.”

“ನಾ ಒಮ್ಮೆ ಹೇಳೇನಿ ಬಾಯಾರ. ಅವನ ಮುಂದ ಹೇಳೇನಿ. ಅವನ ಕೈಯಾಗ ಪೆನ್ಸಿಲ್ ಇತ್ತು. ಎರಡನೇ ಸಲ ಹೇಳಾಂಗಿಲ್ಲ. ಚಹಾ ಕುಡದು ಹೋಗ್ರಿ.”

ಸಹಿಯನ್ನೂ ಹಾಕಲಿಲ್ಲ. ಬಸ್ಸಿನ ತನಕ ಕಳಿಸಲು ಬಂದ ಮಗಳು ದಾರಿಯಲ್ಲಿ ಒಂದು ಸಂಗತಿ ಹೇಳಿದರು. ಅವರು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಸ್ವಾತಂತ್ರ್ಯ ದಿನದಂದು ಹುಡುಗಿಯರು ಅವರನ್ನು ಸಾಲಿನಿಂದ ಹೊರಗೆ ದೂಡಿದರಂತೆ: ಚೀನಾದಾಕಿ, ನಿನ್ನ ಝಂಡಾ ಬ್ಯಾರೆ, ನೀ ಯಾಕ ಇಲ್ಲಿ ನಿಂತಿ? ಅಳುತ್ತಾ ಮನೆಗೆ ಬಂದರು.

“ಅಪ್ಪ ನೇಯಾಕ ಹತ್ತಿದ್ದ ಅಕ್ಕಾರ. ಲಾಳಿ ನಿಂದ್ರಿಸಲಿಲ್ಲ. ‘ಆ ಝಂಡಾದ ಅರಿವಿನೂ ಯಾವನೋ ನಮ್ಮಂಥಾ ನೇಕಾರನ ನೇಯ್ದಿರತಾನ. ಹೋಗು, ಹೋಗಿ ಮುಂದಿನ ಸಾಲಿನ್ಯಾಗ ನಿಂದರು’ ಅಂದ.”

“ಹೋಗಿದ್ರಾ?”

“ಹೋದೆ. ಹಿಂದಿನ ಸಾಲಿನ್ಯಾಗ ನಿಂತೆ.”

ಸವದತ್ತಿಗೆ ಬಂದು ವರದಿ ಒಪ್ಪಿಸಿದೆ. ಹಗ್ಗದ ಮಾತಿಗೆ ಮಾಸ್ತರರು ನಗಲು ಹೋಗಿ ಕೆಮ್ಮು ಹತ್ತಿ, ಮಷಿನ್ನಿನ ಮುಳ್ಳನ್ನು ಮೇಲೇರಿಸಬೇಕಾಯಿತು. ‘ಚೀನಾದವರ ಮನೆ’ ಎಂಬುದನ್ನು ಕೇಳಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವರಿಗೆ ಅದು ಗೊತ್ತಿರಲಿಲ್ಲ.

ಹೊರಡುವಾಗ ಮಗ ಅಂಗಳದಲ್ಲಿ ನನ್ನನ್ನು ತಡೆದರು.

“ಬಾಯಾರ, ಆ ಅಧ್ಯಾಯ ಬ್ಯಾಡ. ಈಗಿನ ಕಾಲ ನಿಮಗೂ ಗೊತ್ತದ. ಅಪ್ಪಾರು ಕಮ್ಯುನಿಸ್ಟ್ ಇದ್ರು ಅಂತ ಒಂದು ಮಂದಿ ಆಡ್ಕೋತದ. ಗೆಳ್ಯಾನ್ನ ಹಿಡಿದು ಕೊಟ್ರು ಅಂತ ಇನ್ನೊಂದು ಮಂದಿ. ಅರವತ್ತು ವರ್ಷ ದೇಶಭಕ್ತ ಅನಿಸಿಕೊಂಡಾರ. ಆ ಹೆಸರಿಲೇ ಹೋಗಲಿ ಬಿಡ್ರಿ.”

“ಅವರು ಈ ಅಧ್ಯಾಯದ ಸಲುವಾಗೇ ಬರದಾರ.”

“ಅವರು ಇರೋ ತನಕ ಅವರ ಮಾತು. ಆಮ್ಯಾಲ ನನ್ನದು,” ಎಂದರು ಮಗ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎರಡು ವರ್ಷದಿಂದ ಅವರು ತಂದೆಯ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದರು.

ಒಂದು ವಾರ ಕಳೆದ ಮೇಲೆ ಸುರೇಬಾನದಿಂದ ಮಗಳ ಫೋನ್ ಬಂತು. “ಅಪ್ಪ ನಿಮ್ಮನ್ನ ಕರದಾನ್ರಿ. ಪುಟದ ಬಾಜೂಕ ನೀವು ಪೆನ್ಸಿಲ್‌ಲೆ ಬರದಿದ್ರಲ್ಲ, ಅವರು ಖರೇ ಹೇಳಿದ್ದೇನು, ಪೂರ್ತಿ ಮಾತು ಬೇಕು ಅಂತ, ನಾ ನಿಮ್ಮ ಕೈಯಾಗ ನೋಡಿದ್ದೆ. ಮೊನ್ನೆ ಅಪ್ಪಗ ಹೇಳಿದೆ. ‘ಹಂಗ ಯಾರೂ ಕೇಳಿದ್ದಿಲ್ಲ’ ಅಂದ. ಪೊಲೀಸ್ರೂ ಕೇಳಿದ್ದಿಲ್ಲಂತ.”

ಹೋದೆ. ಅಜ್ಜ ಕೂತ ಜಾಗ ಅದೇ. ಮಗಳು ಸುತ್ತಿದ ಕಂಡಿಕೆ ಮುಟ್ಟಿಸಲು ಹೊರಗೆ ಹೋಗಿದ್ದರು. ಮೊದಲು ಷರತ್ತು ಹೇಳಿದರು. ರೆಕಾರ್ಡ್ ಮಾಡಬಾರದು. ತಾನು ಹೇಳಿದಂತೆಯೇ ಬರೆಯಬೇಕು, ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಕಾಗದವನ್ನು ಮಾಸ್ತರರ ಕೈಗೇ ಕೊಡಬೇಕು.

“ಅವ ಓದಬೇಕು. ಫೋನಿನ್ಯಾಗ ನನಗ ಕೇಳೂವಂಗ ಓದಬೇಕು. ನೀವು ಓದಬಾರದು, ಅವನ ಮಗಾ ಓದಬಾರದು. ಮೊದಲಿಂದ ಕಡೀತನಕ ಅವನ ಬಾಯಿಲೇ ಬರಬೇಕು. ಆಮ್ಯಾಲ ಪುಸ್ತಕದಾಗ ಹಾಕ್ರಿ, ಬಿಡ್ರಿ, ನನಗ ಅದರ ಕಿಮ್ಮತ್ತಿಲ್ಲ.”

ಆಗಲಿ ಎಂದೆ. ಅವರು ನಿಧಾನವಾಗಿ ಹೇಳಿದರು, ನಾನು ಬರೆದುಕೊಂಡೆ. ಮೂರು ಸಲ ಓದಿಸಿದರು. ಒಂದು ಕಡೆ ನಾನು ‘ಶತ್ರು’ ಎಂದು ಬರೆದಿದ್ದೆ. ತಾನು ಆ ಮಾತು ಆಡಿಲ್ಲ ಎಂದು ಹೊಡೆಸಿದರು. ಕೊನೆಗೆ ಕಾಗದದಲ್ಲಿ ನಿಂತದ್ದು ಇಷ್ಟು:

‘ಚೀನಾದ ಸಿಪಾಯಿ ಸೈತ ಬಡವರ ಮಗಾನ. ಅವಂಗೂ ಥಂಡಿ ಹತ್ತತೈತಿ. ಅವನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಮ್ಮ ನೆಲದಾಗ ಕಾಲಿಟ್ಟವ ಯಾವನರ ಇರಲಿ, ಕೆಂಪು ಝಂಡಾ ಹಿಡಕೊಂಡ ಬಂದಿರಲಿ, ಅವ ಹಿಂದಕ ಹೋಗಬೇಕು. ನಮ್ಮ ಹುಡುಗ್ರು ತೆಳ್ಳನ ಅರಿವಿ ಹಾಕ್ಕೊಂಡ ಬರ್ಫದಾಗ ನಿಂತಾರ. ಅವರೂ ಬಡವರ ಮಕ್ಕಳ. ನಾವು ಭಾಷಣ ಮಾಡೂದು ಬ್ಯಾಡ. ನೇಕಾರರದೀವಿ, ನೇಯೂನು. ಒಂದೊಂದು ಮಗ್ಗಕ್ಕ ಒಂದೊಂದು ದಪ್ಪ ಚಾದರ, ಕೂಲಿ ಇಲ್ಲದ ನೇಯ್ದು ಕಳಸೂನು. ಇದು ನನ್ನ ಸೂಚನಾ. ಯಾರರ ಅನುಮೋದನೆ ಮಾಡ್ರಿ.’

ನಾನು ಪೆನ್ನು ಕೆಳಗಿಟ್ಟೆ. “ಇದು ಠರಾವು ಪುಸ್ತಕದಾಗ ಯಾಕ ಬರಲಿಲ್ಲರಿ?”

“ಸಂಘದ ಕಾಯ್ದೆ ಹಂಗಿತ್ತು ಬಾಯಾರ. ಸೂಚನಾ ಮಾಡಿದವನ ಹಿಂದ ಅನುಮೋದಕ ಒಬ್ಬ ಬೇಕು. ಇದ್ರ ಠರಾವು ಅಂತ ಬರೀತಾರ. ಇಲ್ಲಂದ್ರ ಆ ಸೂಚನಾ ಬಿತ್ತು, ಬರಿಯಾಂಗಿಲ್ಲ. ಚರ್ಚಾ ಆತು ಅಂತ ಒಂದು ಸಾಲು ಬರದು ಬಿಡತಾರ. ಅವತ್ತು ಯಾರೂ ಕೈ ಎತ್ತಲಿಲ್ಲ. ನೂಲು ತುಟ್ಟಿ ಆಗಿತ್ತು, ಎಲ್ಲಾರ ಹೊಟ್ಟೀನೂ ಖಾಲಿ ಇತ್ತು, ಅವರನ್ನ ಅನ್ನಾಂಗಿಲ್ಲ. ನಾ ಅವನ ಕಡೆ ನೋಡಿದೆ. ಅವ ಎತ್ತತಾನ ಅಂತ ಖಾತ್ರಿ ಇತ್ತು. ಅವ ತಲಿ ತಗ್ಗಿಸಿ ಪೆನ್ಸಿಲ್ ಕೆತ್ತಾಕ ಹತ್ತಿದ್ದ.”

ಆಮೇಲೆ ಕಾಗದವನ್ನು ತಡಕಿ ತೆಗೆದುಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಕಣ್ಣಿಲ್ಲದಿದ್ದರೂ ಅಕ್ಷರ ನೇರವಾಗಿದ್ದವು. “ಇದನ್ನ ಕಲಿಸಿದಾಂವನೂ ಅವನ,” ಎಂದರು.

ಮರುದಿನ ಬೆಳಿಗ್ಗೆ ಕಾಗದ ಮಾಸ್ತರರ ಕೈಗೆ ಕೊಟ್ಟೆ. ಪೆನ್ಸಿಲ್ ಕೆತ್ತುತ್ತಿದ್ದುದನ್ನೂ ಹೇಳಿದೆ. ಅವರು ಮನಸ್ಸಿನಲ್ಲೇ ಓದಿಕೊಂಡರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಹೊದಿಕೆಯ ಅಂಚಿನಿಂದ ಒರೆಸಿದರು.

“ಚಾದರ,” ಎಂದರು. “ಹೌದು. ಚಾದರ ಅಂದಿದ್ದ.”

ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡರು.

“ಹಿಂದಿನ ದಿನ ಪಕ್ಷದಿಂದ ಪತ್ರ ಬಂದಿತ್ತು ತಂಗಿ. ಯುದ್ಧದ ವಿಷಯದಾಗ ಯಾವ ಠರಾವೂ ಮಾಡಬ್ಯಾಡ್ರಿ, ಮ್ಯಾಲಿಂದ ನಿಲುವು ಬರೋತನಕ ಕಾಯ್ರಿ ಅಂತ. ಪತ್ರ ನನ್ನ ಕಿಸೆದಾಗನ ಇತ್ತು. ಅದಕ್ಕ ಕೈ ಎತ್ತಲಿಲ್ಲ. ಪಕ್ಷಕ್ಕ ಅಂಜಿದೆ. ನಾಕ ದಿನ ಆದ ಮ್ಯಾಲ ಪೊಲೀಸ್ರು ಬಂದ್ರು. ಅವತ್ತು ದೇಶಕ್ಕ ಅಂಜಿದೆ. ಕೂತು ವಿವರಿಸಿ ಹೇಳಬಹುದಿತ್ತು, ಪುಸ್ತಕ ಕೊಟ್ಟು ಮನಿ ಒಳಗ ಹೋದೆ. ಆಮ್ಯಾಲ ಅರವತ್ತು ವರ್ಷ ಝಂಡಾದ ಕೆಳಗ ನಿಂತು ಒದರಿದೆ. ದೇಶ ಮತ್ತ ಪಕ್ಷ ಎರಡರಾಗ ಒಂದು ಆರಿಸಿಕೊಂಡೆ ಅಂತ ಎಲ್ಲಾರೂ ತಿಳಿದ್ರು, ನಾನೂ ತಿಳಿದೆ. ಅವಂಗ ಅವು ಎರಡು ಇರಲೇ ಇಲ್ಲ. ಅವ ಯಾವುದಕ್ಕೂ ಅಂಜಲಿಲ್ಲ.”

ಫೋನ್ ಹಚ್ಚು ಎಂದರು. ಮಗ ಔಷಧಿ ತರಲು ಪೇಟೆಗೆ ಹೋಗಿದ್ದರು. ನಾನು ನಂಬರ್ ಹುಡುಕುತ್ತಿದ್ದಾಗ ಅವರು ಮೂಗಿನ ಕೊಳವೆ ತೆಗೆದರು.

“ಆ ಮಷಿನ್ ಬಂದ್ ಮಾಡು. ಅದರ ಸಪ್ಪಳ ಅವಂಗ ಕೇಳಿಸ್ತದ.”

“ಸರ್, ಬ್ಯಾಡ್ರಿ.”

“ಮಾತು ಕೊಟ್ಟೀಯಲ್ಲ. ಎರಡು ನಿಮಿಷದ ಕೆಲಸ.”

ಬಟನ್ ಒತ್ತಿದವಳು ನಾನೇ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಅತ್ತ ಮಗಳು ಫೋನ್ ಎತ್ತಿ ಅಜ್ಜನ ಮುಂದೆ ಇಟ್ಟರು. ನಾನು ಸ್ಪೀಕರ್ ಹಾಕಿ ಮಾಸ್ತರರ ಬಾಯಿಯ ಹತ್ತಿರ ಹಿಡಿದೆ. ಇಬ್ಬರೂ ಹೇಗಿದ್ದೀ ಎಂದು ಕೇಳಲಿಲ್ಲ.

“ಓದ್ತೀನಿ,” ಎಂದರು ಮಾಸ್ತರರು.

“ಹೂಂ, ಓದು.”

ದನಿ ಗಟ್ಟಿಯಾಗಿ ಹೊರಟಿತು. ಸ್ವಾತಂತ್ರ್ಯ ದಿನದ ಭಾಷಣ ಕೇಳಲು ಜನ ಯಾಕೆ ಬರುತ್ತಿದ್ದರೆಂದು ಆಗ ತಿಳಿಯಿತು. ಮೊದಲನೆಯ ವಾಕ್ಯ, ಎರಡನೆಯದು, ‘ಅವನ ಮ್ಯಾಲ ನನಗ ಸಿಟ್ಟಿಲ್ಲ.’ ಅಲ್ಲಿಗೆ ಉಸಿರು ಮುಗಿಯಿತು. ಮುಂದಿನ ವಾಕ್ಯಕ್ಕೆ ಬಾಯಿ ತೆರೆದರು, ಸ್ವರ ಬರಲಿಲ್ಲ. ತುಟಿ ನೀಲಿಯಾಯಿತು. ಒಂದು ಕೈ ಹಾಸಿಗೆಯನ್ನು ಹಿಡಿದಿತ್ತು, ಇನ್ನೊಂದು ಕೈ ಕಾಗದವನ್ನು. ನಾನು ಮಷಿನ್ನಿನ ಕಡೆ ಕೈ ಚಾಚಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು.



“ಮುಂದ?” ಎಂದರು ಅಜ್ಜ.

ಕಾಗದ ನನಗೆ ಕಾಣುತ್ತಿತ್ತು. ‘ಆದ್ರ’ ಎಂಬಲ್ಲಿಂದ ಕೊನೆಯ ತನಕ ನನಗೆ ಬಾಯಿಪಾಠವೂ ಆಗಿತ್ತು. ನಾನು ಓದಬಹುದಿತ್ತು. ಉಸಿರು ಸಿಗುತ್ತಿಲ್ಲ, ಸ್ವಲ್ಪ ತಾಳ್ರಿ ಅಜ್ಜಾರ ಎಂದು ಇಷ್ಟಾದರೂ ಹೇಳಬಹುದಿತ್ತು. ನಾನು ಓದಬಾರದು ಎಂಬುದು ಒಬ್ಬರ ಷರತ್ತು. ಕಾಯಿಲೆಯ ಸುದ್ದಿ ಹೇಳಬಾರದು ಎಂಬುದು ಇನ್ನೊಬ್ಬರಿಗೆ ಕೊಟ್ಟ ಮಾತು. ಫೋನ್ ಹಿಡಿದು ಸುಮ್ಮನೆ ನಿಂತೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ.

“ಅವತ್ತೂ ಇಷ್ಟೇ ಬರದಿದ್ದ,” ಎಂದಿತು ಆ ಕಡೆಯ ದನಿ. ಯಾರಿಗೆ ಹೇಳಿದರೋ, ಮಗಳಿಗೋ, ತಮಗೋ. ಫೋನ್ ಕಟ್ಟಾಯಿತು.

ಮಷಿನ್ ಹಚ್ಚಿ ಕೊಳವೆ ಹಾಕಿದೆ. ಹತ್ತು ನಿಮಿಷದ ಮೇಲೆ ಮಾಸ್ತರರಿಗೆ ಮಾತು ಬಂತು. ಮೊದಲು ಹೇಳಿದ್ದು ಇದು: “ಅನುಮೋದನೆ ನನ್ನದು.” ಆಮೇಲೆ: “ಇಟ್ಟುಬಿಟ್ಟನೇನು?”

ನಾನು ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಮಗಳು ಎತ್ತಿ, ಅಪ್ಪ ಒಲ್ಲೆ ಅನ್ನುತ್ತಾನೆ ಎಂದರು. ಮಾಸ್ತರರು ಸನ್ನೆಯಿಂದ ನನ್ನನ್ನು ತಡೆದರು. “ನೀ ಏನೂ ಹೇಳಬ್ಯಾಡ. ನಾಳೆ ಮತ್ತ ಓದ್ತೀನಿ. ಪೂರ್ತಿ ಓದಿ, ಅನುಮೋದನೆ ನಾನ ಹೇಳ್ತೀನಿ.” ನಾಳೆ ಮತ್ತೆ ಫೋನ್ ಮಾಡುತ್ತೇವೆ ಎಂದಷ್ಟೇ ಮಗಳಿಗೆ ಹೇಳಿ ಇಟ್ಟೆ.

ಮರುದಿನ ನಸುಕಿನಲ್ಲಿ ಅವರನ್ನು ಧಾರವಾಡದ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ತೀರಿಕೊಂಡರು. ಮಷಿನ್ ಬಂದ್ ಮಾಡಿದ್ದನ್ನು ನಾನು ಮಗನಿಗೆ ಹೇಳಿದೆ. ಅವರು ಡಾಕ್ಟರನ್ನು ಕೇಳಿ ಬಂದು, “ಅದರಿಂದಲ್ಲಂತ ಬಾಯಾರ, ಹೆಂಗೂ ಆಗತಿತ್ತಂತ,” ಎಂದರು. ಡಾಕ್ಟರು ಹಾಗೆ ಹೇಳಿದ್ದರೋ, ಇವರೇ ಹೇಳಿದರೋ ನನಗೆ ಗೊತ್ತಿಲ್ಲ.

ಹದಿಮೂರನೆಯ ದಿನ ಮುಗಿದ ಮೇಲೆ ಮಗ ನಾಲ್ಕನೆಯ ನೋಟುಬುಕ್ಕನ್ನು ವಾಪಸು ಕೇಳಿದರು. ಕೊಟ್ಟೆ. ಅದು ಅವರದು. ಉಳಿದ ಐದರ ಪುಸ್ತಕ ಆಗಸ್ಟ್ ಹದಿನೈದಕ್ಕೆ ಬರುವಂತೆ ಪುಟ ಕಟ್ಟಿಕೊಟ್ಟೆ. ರಾಮದುರ್ಗದ ವರ್ಷಗಳಿಗೆ ಬದಲು, ‘ಕೆಲಕಾಲ ರಾಮದುರ್ಗದಲ್ಲಿಯೂ ಶಿಕ್ಷಕರಾಗಿದ್ದರು’ ಎಂಬ ಒಂದು ವಾಕ್ಯ ಸೇರಿಸಲು ಹೇಳಿದರು. ಸೇರಿಸಿದೆ. ಸಂಪಾದಕಿ ಎಂದು ನನ್ನ ಹೆಸರು ಹಾಕುವುದು ಬೇಡವೆಂದೆ. ಅವರು ಒತ್ತಾಯ ಮಾಡಲಿಲ್ಲ.

ಸಹಿ ಇದ್ದ ಕಾಗದ ಮಾತ್ರ ನನ್ನಲ್ಲೇ ಉಳಿದಿತ್ತು. ಅದನ್ನು ಹಿಂದಿರುಗಿಸಲು ಸುರೇಬಾನಕ್ಕೆ ಹೋದೆ.

ಸಾವಿನ ಸುದ್ದಿ ಅವರಿಗೆ ಗೊತ್ತಿತ್ತು. ಪತ್ರಿಕೆಯಲ್ಲಿ ಫೋಟೋ ಬಂದದ್ದನ್ನು ಮಗಳು ಓದಿ ಹೇಳಿದ್ದರು. ಅಜ್ಜ ಈ ಸಲ ಮಗ್ಗದಲ್ಲಿ ಕೂತಿರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

“ಏನಾಗಿತ್ತು ಅವಂಗ?”

ಮಾತು ಕೊಟ್ಟವರು ಈಗ ಇರಲಿಲ್ಲ. “ಉಸಿರಿನ ಬ್ಯಾನಿರಿ. ಎರಡು ವರ್ಷದಿಂದ.”

“ಅವತ್ತು ಫೋನಿನ್ಯಾಗ ಓದಿದಾಗ?”

“ಅವತ್ತೂ ಇತ್ತರಿ. ಮಷಿನ್ ಹಚ್ಚಿಕೊಂಡು ಇರತಿದ್ರು. ನಿಮಗ ಸಪ್ಪಳ ಕೇಳಬಾರದು ಅಂತ ಬಂದ್ ಮಾಡಿಸಿದ್ರು.”

ಅವರ ಮುಖ ನನ್ನ ಕಡೆ ತಿರುಗಿತು.

“ಅಂದ್ರ ಅವ ಬೇಕಂತ ನಿಲ್ಲಿಸಲಿಲ್ಲ.”

“ಇಲ್ಲರಿ. ಉಸಿರು ಸಿಗಲಿಲ್ಲ. ಆಮ್ಯಾಲ ಮಾತು ಬಂದಾಗ, ಅನುಮೋದನೆ ನನ್ನದು ಅಂದ್ರು. ಮೊದಲು ಅದನ್ನ ಅಂದ್ರು. ಅಷ್ಟರಾಗ ಫೋನ್ ಕಟ್ ಆಗಿತ್ತು.”

ಮಗಳು ಕಂಡಿಕೆ ಸುತ್ತುವುದನ್ನು ನಿಲ್ಲಿಸಿದ್ದರು.

“ಅವ ಮತ್ತ ಅಲ್ಲೇ ನಿಲ್ಲಿಸಿದ ಅಂತ ತಿಳಕೊಂಡೆ ನಾನು,” ಎಂದರು ಅಜ್ಜ. “ಅವನ ಮಣ್ಣಿಗೂ ಹೋಗಲಿಲ್ಲ. ಇವಳು ಹೋಗೂನು ನಡಿ ಅಂದ್ಲು. ಬೈದು ಕೂಡ್ರಿಸಿದೆ.”

ನಾನು ತಲೆ ತಗ್ಗಿಸಿ ಕೂತೆ. ಅವರಿಗೆ ಕಾಣುತ್ತಿರಲಿಲ್ಲ.

“ನೀವು ಅಲ್ಲೇ ಇದ್ರಿ ಬಾಯಾರ?”

“ಇದ್ದೆರಿ. ನೀವು ಓದಬ್ಯಾಡ ಅಂದಿದ್ರಿ. ಅವರು ಹೇಳಬ್ಯಾಡ ಅಂದಿದ್ರು.”

“ಅವ ಅಂದ, ನೀವು ಕೇಳಿದ್ರಿ. ನಾ ಅಂದೆ, ನೀವು ಕೇಳಿದ್ರಿ.” ಅವರ ದನಿ ಏರಲಿಲ್ಲ. “ನಾವಿಬ್ರೂ ಮುದಿ ಹುಚ್ಚರು. ಒಬ್ಬರ ಮುಖ ಒಬ್ಬರು ನೋಡದ ಅರವತ್ತು ವರ್ಷ ಕಳದವರು. ನೀವು ಎರಡೂ ಮನಿ ಒಳಗ ಕುಂತು ಚಹಾ ಕುಡದವರು. ನೀವರ ಒಂದು ಮಾತು ತಾಳ್ರಿ ಅನಬಾರದೇನ್ರಿ?”

ಕಾಗದವನ್ನು ಅವರ ಕೈಯಲ್ಲಿಟ್ಟೆ. ಅವರು ಅದನ್ನು ಮಗಳ ಕಡೆ ಚಾಚಿ, “ಓದವ್ವಾ, ಪೂರ್ತಿ ಓದು,” ಎಂದರು. ಮಗಳು ಓದತೊಡಗಿದರು. ಅವರಿಗೂ ಆ ಮಾತು ಪೂರ್ತಿಯಾಗಿ ಸಿಕ್ಕಿದ್ದು ಅದೇ ಮೊದಲು. ಚಾದರದ ವಾಕ್ಯಕ್ಕೆ ಬರುವಷ್ಟರಲ್ಲಿ ಅವರ ಓದು ನಿಂತಿತು. ಅಜ್ಜ ಅವಸರ ಮಾಡಲಿಲ್ಲ. ಕೈ ಚಾಚಿ ಮಗಳ ಮಂಡಿಯನ್ನು ತಡಕಿ ಹಿಡಿದುಕೊಂಡರು, ಮತ್ತು ಈ ಸಲ ಕಾದರು.